ಹಕಾರ ಬಿದ್ದ ಹಲಗೆ

ರುದ್ರಾಣಿಯ ಮನೆಯ ನಡುಮನೆಯ ತೊಲೆಗಳಲ್ಲಿ ನಾಲ್ಕು ಕಬ್ಬಿಣದ ಬಳೆಗಳಿದ್ದವು. ಒಂದು ಕಾಲದಲ್ಲಿ ಅವುಗಳಿಂದ ಉಯ್ಯಾಲೆ ತೂಗುತ್ತಿತ್ತು. ಅವಳು ನಂಜನಗೂಡಿನ ಆ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಅಣ್ಣತಮ್ಮಂದಿರ ಪಾಲಾಗಿ, ಉಯ್ಯಾಲೆಯ ಹಲಗೆಯೂ ಹಿತ್ತಾಳೆಯ ಸರಪಳಿಯೂ ಭಾವನವರ ಮನೆ ಸೇರಿದ್ದವು. ಬಳೆಗಳು ಮಾತ್ರ ತೊಲೆ ಬಿಟ್ಟು ಬರಲು ಒಪ್ಪದ ಕಾರಣ ಅವಳ ಗಂಡ ಬಸವಪ್ರಸಾದನ ಪಾಲಿಗೆ ಉಳಿದವು.

‘ಹೆಂಡ್ತಿಗೆ ಬಳೆ ಕೊಡಿಸ್ಲಿಲ್ಲ ಅಂತ ನನ್ನನ್ನ ಯಾರೂ ಅನ್ನೋ ಹಾಗಿಲ್ಲ’ ಎಂದು ಪ್ರಸಾದ್ ಮನೆಗೆ ಬಂದವರಿಗೆಲ್ಲ ತೊಲೆ ತೋರಿಸುತ್ತಿದ್ದ. ಮದುವೆಯಾದ ಹೊಸದರಲ್ಲಿ ರುದ್ರಾಣಿ ಇದಕ್ಕೆ ನಕ್ಕಿದ್ದಳು. ಆಮೇಲೆ ಬಂದವರು ನಕ್ಕರೆ ಸಾಕು ಎಂದು ಕಾಫಿಗೆ ನೀರಿಡಲು ಹೋಗುತ್ತಿದ್ದಳು.

ಆ ಬಳೆಗಳಿಗೆ ಮೊದಲು ಮಗಳು ರಮ್ಯಳ ತೊಟ್ಟಿಲು ಬಿತ್ತು. ರಮ್ಯ ತೊಟ್ಟಿಲು ದಾಟಿ, ಮೈಸೂರಿನ ಕಾಲೇಜು ಹಾಸ್ಟೆಲು ಸೇರಿದ ಮೇಲೆ ಬಾಳೆಗೊನೆ ಬಿತ್ತು. ಉಯ್ಯಾಲೆ ಮಾತ್ರ ಬೀಳಲಿಲ್ಲ. ರುದ್ರಾಣಿಗೆ ಬೇಕಾಗಿದ್ದದ್ದು ಅದೊಂದೇ.

ಬನ್ನೂರಿನ ಅವಳ ತವರಿನಲ್ಲಿ ಏಳಡಿ ಉದ್ದದ ಉಯ್ಯಾಲೆ ಇತ್ತು. ಒಂದೇ ಹಲಗೆ, ನಡುವೆ ಜೋಡಣೆಯಿಲ್ಲ. ಊಟವಾದ ಮೇಲೆ ಅಪ್ಪ ಅದರ ಮೇಲೆ ಒರಗಿದರೆ ಚಿಕ್ಕಪ್ಪ ಕಂಬಕ್ಕೆ ಆತು ಕಾಯುತ್ತಿದ್ದ. ಚಿಕ್ಕಪ್ಪ ಏಳುವಷ್ಟರಲ್ಲಿ ದೊಡ್ಡಪ್ಪ ಟವೆಲನ್ನು ದಿಂಬು ಮಾಡಿಕೊಂಡು ಬಂದಿರುತ್ತಿದ್ದರು. ಹೆಂಗಸರು ಆ ದಾರಿಯಲ್ಲಿ ಹಾಯುವಾಗ ಕೈಯಿಂದ ಒಂದು ತಳ್ಳು ತಳ್ಳಿ ಹೋಗಬೇಕು, ಅದು ಆ ಮನೆಯ ಪದ್ಧತಿ. ಗಂಡಸರೆಲ್ಲ ಗದ್ದೆಗೆ ಹೋದಾಗ ರುದ್ರಾಣಿ ಮೆಲ್ಲಗೆ ಹತ್ತಿ ಕೂರುತ್ತಿದ್ದಳು. ಆದರೆ ಅಡುಗೆಮನೆಯಲ್ಲಿದ್ದ ಅಜ್ಜಿಗೆ ಸರಪಳಿಯ ಕಿರುಗುಟ್ಟುವಿಕೆಯಲ್ಲೇ ಭಾರದ ಲೆಕ್ಕ ಸಿಗುತ್ತಿತ್ತು. ‘ಇಳೀಯೇ’ ಎಂದು ಅಲ್ಲಿಂದಲೇ ಕೂಗುತ್ತಿದ್ದಳು.

ಯುಗಾದಿ ಕಳೆದ ಮೇಲೆ ಒಂದು ಸಂಜೆ ಬೀಸಿದ ಗಾಳಿಗೆ ಹಿತ್ತಿಲ ಹಲಸಿನ ಮರ ಬುಡಸಮೇತ ಮಲಗಿಬಿಟ್ಟಿತು. ತಬ್ಬಿದರೆ ಕೈ ಕೂಡದಷ್ಟು ದಪ್ಪದ ಮರ. ಬಿದ್ದದ್ದು ಪುಣ್ಯಕ್ಕೆ ಮನೆಯ ಕಡೆಗಲ್ಲ, ಹಿತ್ತಿಲ ಗೋಡೆಯ ಮಗ್ಗುಲಿಗೆ. ಅರ್ಧ ಕೊಂಬೆ, ಅರ್ಧಕ್ಕಿಂತ ಹೆಚ್ಚು ಕಾಯಿ, ಆಚೆಮನೆಯ ಮಂಚಮ್ಮನ ಹಸುಗಳ ಮುಂದೆ ಬಿದ್ದವು. ಹಾಲು ಮಾರುವ ಮಂಚಮ್ಮ ಗೋಡೆಯ ಮೇಲಿಂದ ಕತ್ತು ಹಾಕಿ, ಕಾಯಿಗಳನ್ನು ಹಿಂದಕ್ಕೆ ಕೊಡಬೇಕೋ ಬೇಡವೋ ಎಂದು ವಿಚಾರಿಸಿದಳು. ಬೇಡ ಎನ್ನುವುದು ಖಾತ್ರಿಯಾದ ಮೇಲೆಯೇ ವಿಚಾರಿಸಿದ್ದಳು.

ಪ್ರಸಾದ್ ಮರದ ಸುತ್ತ ಒಂದು ಸುತ್ತು ಬಂದ. ತಾಂಡ್ಯದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಅವನ ಕೆಲಸ. ಆದರೆ ಊರಿಗೆ ಅವನು ಗೊತ್ತಿದ್ದದ್ದು ಅನುಕರಣೆಗೆ. ಬಸ್ ಕಂಡಕ್ಟರ್, ಹೂವಿನವಳು, ರೈಲ್ವೆ ಸ್ಟೇಷನ್ನಿನ ಮೈಕು, ಯಾರ ದನಿ ಬೇಕಾದರೂ ಅವನ ಗಂಟಲಲ್ಲಿ ಬಾಡಿಗೆಗಿತ್ತು. ‘ಹಲಸಿಗೆ ಆಲಸ್ಯ ಬಂತು ನೋಡು, ಮಲ್ಕೊಂಡ್ಬಿಡ್ತು’ ಎಂದ.

ರುದ್ರಾಣಿ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳು ಬೊಡ್ಡೆಯ ಬುಡದಿಂದ ಮೊದಲ ಕವಲಿನವರೆಗೆ ಹೆಜ್ಜೆ ಹಾಕಿ ನೋಡುತ್ತಿದ್ದಳು. ಎಂಟಡಿಗೂ ಮಿಗಿಲು, ಎಲ್ಲೂ ಸೊಟ್ಟಗಿಲ್ಲ.

‘ರೀ, ಇದರಲ್ಲಿ ಒಂದು ಉಯ್ಯಾಲೆ ಹಲಗೆ ಆಗತ್ತೆ. ಏಳಡಿ. ಜೋಡಣೆ ಇಲ್ದೆ.’

ಅವಳು ಏನನ್ನಾದರೂ ಕೇಳುವುದೇ ಅಪರೂಪವಾದ್ದರಿಂದ ಪ್ರಸಾದನ ನಾಲಿಗೆಯ ತುದಿಗೆ ಬಂದಿದ್ದ ಇನ್ನೊಂದು ಮಾತು ಅಲ್ಲೇ ನಿಂತಿತು. ಟಿ. ನರಸೀಪುರದ ಬೆಟ್ಟಯ್ಯನಿಗೆ ಈಗಲೇ ಫೋನ್ ಮಾಡುತ್ತೇನೆ ಎಂದ. ಬೆಟ್ಟಯ್ಯ ಮರ ಕಡಿಸುವವನು. ಮರ ಕೊಯ್ಯುವ ಒಂದು ಸಣ್ಣ ಸಾ ಮಿಲ್ಲನ್ನೂ, ಮದುವೆಯ ಅಡುಗೆಯವರಿಗೆ ಸೌದೆ ತೂಗಿ ಕೊಡುವ ಮಂಡಿಯನ್ನೂ ಒಟ್ಟಿಗೇ ಇಟ್ಟುಕೊಂಡಿದ್ದ. ಬಂದವರನ್ನೆಲ್ಲ ‘ಬನ್ನಿ ಸಾ, ಕೂತ್ಕಳಿ ಸಾ’ ಎನ್ನುವುದರಿಂದಲೇ ಅದಕ್ಕೆ ಸಾ ಮಿಲ್ಲು ಎಂಬ ಹೆಸರು ಬಂತು ಎಂದು ಪ್ರಸಾದ್ ಕಂಡವರಿಗೆಲ್ಲ ಹೇಳಿದ್ದ.

ಗೋಡೆಯಾಚೆಯಿಂದ ಮಂಚಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ‘ಉಯ್ಯಾಲೆನಾ ರುದ್ರವ್ವ? ನಮ್ಮತ್ತೆ ಮನೇಲೂ ಇತ್ತು ಕಣವ್ವ. ನಮ್ಮಾವ ಸಾಯೋಗಂಟ ಅದ್ರ ಮ್ಯಾಲೇ ಬಿದ್ದಿದ್ರು. ಅದ್ರ ಬಣ್ಣ ಯಾವ್ದು ಅಂತ ನಂಗೆ ಗೊತ್ತಾದ್ದೇ ಅವ್ರು ಓದ್ಮೇಲೆ’ ಎಂದಳು.

ರುದ್ರಾಣಿ ಒಳಗೆ ರೊಟ್ಟಿ ತಟ್ಟುತ್ತಿದ್ದಾಗ ಪ್ರಸಾದ್ ಜಗುಲಿಯಲ್ಲಿ ನಿಂತು ಫೋನ್ ಮಾಡಿದ. ಬೆಟ್ಟಯ್ಯನ ಜೊತೆ ಅವನು ಮಾತಾಡುತ್ತಿದ್ದದ್ದು ಬೆಟ್ಟಯ್ಯನ ಭಾಷೆಯಲ್ಲೇ. ಹಕಾರಗಳನ್ನೆಲ್ಲ ಚಪ್ಪಲಿಯ ಹಾಗೆ ಬಾಗಿಲಾಚೆ ಬಿಟ್ಟು, ಬಾಯಲ್ಲಿ ಎಲೆಯಡಿಕೆ ಇದ್ದವನ ಹಾಗೆ ಕೆನ್ನೆ ಊದಿಸಿಕೊಂಡು ಶುರು ಮಾಡಿದ.

‘ಬೆಟ್ಟಣ್ಣೋ, ನಾನು ಕಣಣ್ಣ, ನಂಜನಗೂಡು ಪರ್ಸಾದು. ನಮ್ ಇತ್ಲಲ್ಲಿ ಅಲಸಿನ ಮರ ಬಿದ್ದೋಗದೆ. ಬಂದು ಅಲಗೆ ಮಾಡ್ಕೊಡ್ಬೇಕಲ್ಲಣ್ಣ. ಊಂ, ಅಲಗೇಯ. ತೂಗಕ್ಕೆ ಕಣಣ್ಣ, ತೂಗಕ್ಕೆ.’

ಬೆಟ್ಟಯ್ಯ ಭಾನುವಾರ ಬರುತ್ತಾನಂತೆ ಎಂದು ಒಳಗೆ ಬಂದು ಹೇಳಿದ. ಏಳಡಿ ಎಂದು ಹೇಳಲೇ ಇಲ್ಲವಲ್ಲ ಎಂದಳು ರುದ್ರಾಣಿ. ಬಂದಾಗ ಅಳತೆ ತೋರಿಸಿದರಾಯಿತು ಎಂದ ಅವನು.

‘ಸರಿಯಾಗಿ ನಮ್ಮ ಮಾತಲ್ಲೇ ಹೇಳಬಾರದಾ? ಅವರಿಗೆ ಅರ್ಥ ಆಯ್ತೋ ಇಲ್ವೋ.’

‘ಅವರ ಮಾತಲ್ಲೇ ಹೇಳಿದೀನಿ ಕಣೆ. ನನಗಿಂತ ಅವರಿಗೇ ಚೆನ್ನಾಗಿ ಅರ್ಥವಾಗಿರತ್ತೆ.’

‘ಮಾತನ್ನ ಸ್ವಲ್ಪ ತೂಗಿ ಆಡಿ ಅಂತ ಎಷ್ಟು ಸಲ ಹೇಳೋದು ನಿಮಗೆ’ ಎಂದು ಅವಳು ರೊಟ್ಟಿ ಮಗುಚಿದಳು.

ಭಾನುವಾರ ಬರಬೇಕಾದ ಬೆಟ್ಟಯ್ಯ ಗುರುವಾರವೇ ಬಂದ. ನಂಜನಗೂಡಿನಲ್ಲೇ ಇನ್ನೊಂದು ಕಡೆ ಒಪ್ಪಿಕೊಂಡಿದ್ದ ಕೆಲಸ ತಪ್ಪಿಹೋಗಿ, ಆಳುಗಳ ದಿನ ಹಾಳಾಗದಿರಲಿ ಎಂದು ನೇರ ಇಲ್ಲಿಗೆ ಬಂದಿದ್ದ. ಪ್ರಸಾದನ ಮೊಬೈಲು ಕಾರ್ಖಾನೆಯ ನಿಯಮದಂತೆ ಗೇಟಿನ ಹತ್ತಿರದ ಪೆಟ್ಟಿಗೆಯಲ್ಲಿತ್ತು. ರುದ್ರಾಣಿ ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲಿನ ಲಡಿಗಳನ್ನು ನೋಡಿ ಬೇರೆಮಾಡುವ ಕೆಲಸದಲ್ಲಿದ್ದಳು. ಹಿತ್ತಿಲ ಬಾಗಿಲನ್ನು ಬೆಟ್ಟಯ್ಯನಿಗೆ ತೆಗೆದುಕೊಟ್ಟವಳು ಮಂಚಮ್ಮ. ಸ್ವಲ್ಪ ಹೊತ್ತು ನಿಂತು ನೋಡಿದವಳು ರುದ್ರಾಣಿಗೆ ಫೋನ್ ಹಚ್ಚಿದಳು.

‘ಯಾರಿಗವ್ವ ಮದ್ವೆ? ಒಂದು ಮಾತು ಏಳ್ಲಿಲ್ವಲ್ಲ.’

‘ಯಾರ ಮದುವೆ ಮಂಚಮ್ಮ?’

‘ನಿಮ್ಮನೇದೇಯ. ಇತ್ಲಲ್ಲಿ ರಾಶಿ ಸೌದೆ ಒಡೀತಾವ್ರೆ.’

ರುದ್ರಾಣಿ ಕೈಯಲ್ಲಿದ್ದ ಲಡಿಯನ್ನು ಪಕ್ಕದವಳ ಮಡಿಲಿಗೆ ಹಾಕಿ ಎದ್ದಳು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬಂದಳು, ನಿಂತರೆ ಬಸ್ಸು ಬೇಗ ಹೋಗುತ್ತದೆ ಎನ್ನುವ ಹಾಗೆ. ಬೀದಿಯ ತಿರುವಿಗೆ ಬರುವಾಗಲೇ ಮೆಷಿನ್ ಗರಗಸದ ಸದ್ದು ಕೇಳಿಸಿತು. ಹಿತ್ತಿಲಿಗೆ ಬಂದು ನೋಡಿದರೆ ಕೊಂಬೆಗಳು ಒಂದು ಕಡೆ ಒಟ್ಟಿದ್ದವು. ಬೊಡ್ಡೆಯ ಮೇಲಿನ ಅರ್ಧ, ಒಲೆಗೆ ಹಿಡಿಸುವ ಗಾತ್ರದ ತುಂಡುಗಳಾಗಿ ಉರುಳಾಡುತ್ತಿತ್ತು. ಆಳೊಬ್ಬ ತುಂಡಿನ ತಲೆಗೆ ಬೆಣೆ ಇಟ್ಟು ಸುತ್ತಿಗೆಯಿಂದ ಬಡಿದ. ಅದು ಎರಡು ಸೀಳಾಗಿ ಬಿದ್ದಾಗ ಒಳಗಿನ ಚೇಗು, ಮರದ ಆ ಗಟ್ಟಿ ತಿರುಳು, ಆಗ ತಾನೇ ಅರೆದ ಅರಿಶಿನದ ಹಾಗೆ ಹೊಳೆಯಿತು. ಮಣೆ ಬೇಕಿದ್ದ ಕಡೆ ಬೆಣೆ ಬಂದಿತ್ತು.

ಉಳಿದದ್ದು ಬುಡದ ಒಂದು ದಿಮ್ಮಿ. ಬೆಟ್ಟಯ್ಯ ಅದರ ನಡುವಿಗೆ ಗೆರೆ ಎಳೆದು ಮೆಷಿನ್ನಿನ ಹಗ್ಗ ಜಗ್ಗುತ್ತಿದ್ದ. ರುದ್ರಾಣಿ ಹೋಗಿ ಆ ದಿಮ್ಮಿಯ ಮೇಲೆ, ಸರಿಯಾಗಿ ಆ ಗೆರೆಯ ಮೇಲೆ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

‘ಏಳ್ರವ್ವ, ಕಾಲಿಗೆ ಗೀಲಿಗೆ ತಗಲ್ಬುಟ್ಟಾತು’ ಎಂದ ಬೆಟ್ಟಯ್ಯ.

‘ಏಳೇ ಬೇಕಾಗಿದ್ದು ನನಗೆ. ಏಳಡಿ.’

ಅಷ್ಟು ವರ್ಷ ಅಂಥ ಗಂಡನ ಜೊತೆ ಬಾಳಿದರೆ ಹೀಗೇ ಆಗುತ್ತದೆ. ಅಳು ಬರುವಂಥ ಹೊತ್ತಿನಲ್ಲೂ ಮಾತು ತಾನಾಗಿ ಎರಡರ್ಥಕ್ಕೆ ತಿರುಗಿಕೊಂಡಿತು. ಬೆಟ್ಟಯ್ಯನಿಗೆ ಒಂದರ್ಥವೂ ಆಗದೆ ಮೆಷಿನ್ ಕೆಳಗಿಟ್ಟ. ಹಲಗೆಗೆ ಹೇಳಿದ್ದ ಮರವನ್ನು ಸೌದೆ ಮಾಡಿದ್ದು ಯಾಕೆ ಎಂದು ಅವಳು ಕೇಳಿದಾಗ, ಅವನು ತಲೆಯ ಮೇಲಿನ ಟವೆಲು ತೆಗೆದು ಅದೇ ಟವೆಲಿನಿಂದ ಮುಖ ಒರೆಸಿಕೊಂಡು, ತನಗೆ ಹಾಗೆ ಯಾರೂ ಹೇಳಲಿಲ್ಲ ಎಂದು ಪಟ್ಟು ಹಿಡಿದ. ಇಂಥ ಹಲಸನ್ನು ಒಲೆಗೆ ಹಾಕುವುದು ತನಗೂ ಹೊಟ್ಟೆ ಉರಿಯೇ. ಆದರೆ ದೊಡ್ಡಮನೆಯವರ ಮದುವೆ ಗತ್ತು, ತಾನು ಕೇಳಬಾರದು ಎಂದು ಸುಮ್ಮನಿದ್ದನಂತೆ.

ಇಬ್ಬರೂ ಹೀಗೆ ಕೂತಿರುವಾಗ, ಮಂಚಮ್ಮ ಕೊಟ್ಟ ಮಜ್ಜಿಗೆ ಆಳುಗಳ ಕೈಯಲ್ಲಿರುವಾಗ, ಮೊದಲ ಪಾಳಿ ಮುಗಿಸಿ ಪ್ರಸಾದ್ ಬಂದ. ಬಂದವನು ಸೌದೆ ನೋಡಿದ, ಹೆಂಡತಿಯನ್ನು ನೋಡಿದ, ಬ್ಯಾಗು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ನಿಂತ.

‘ಫೋನಲ್ಲಿ ಏನು ಹೇಳಿದ್ರೋ ಅದನ್ನ ಇಲ್ಲಿ ಹೇಳಿ. ಹೇಗೆ ಹೇಳಿದ್ರೋ ಹಾಗೇ’ ಎಂದಳು ರುದ್ರಾಣಿ.

ಪ್ರಸಾದ್ ಬೆಟ್ಟಯ್ಯನ ಮುಖ ನೋಡಿದ. ಎಷ್ಟೋ ಮದುವೆ ಮನೆಗಳಲ್ಲಿ, ಕಾರ್ಖಾನೆಯ ಆಯುಧಪೂಜೆಯಲ್ಲಿ ಜನರನ್ನು ಉರುಳಾಡಿಸಿದ ದನಿ ಅದು. ಈಗ ಆ ದನಿಯ ಧಣಿಯೇ ಎದುರಿಗೆ ಕೂತಿದ್ದ. ಬೇರೆ ದಾರಿ ಇಲ್ಲದೆ ಕೆನ್ನೆ ಊದಿಸಿದ. ‘ಬಂದು ಅಲಗೆ ಮಾಡ್ಕೊಡ್ಬೇಕಲ್ಲಣ್ಣ. ತೂಗಕ್ಕೆ ಕಣಣ್ಣ, ತೂಗಕ್ಕೆ.’

ಮಂಚಮ್ಮ ಗೋಡೆಯಾಚೆ ಸೆರಗು ಬಾಯಿಗೆ ತುರುಕಿಕೊಂಡಳು. ಬೆಟ್ಟಯ್ಯ ಗಂಭೀರವಾಗಿ ಕೇಳಿಸಿಕೊಂಡ.

‘ಇದ್ಯಾಕ್ ಸಾ ಇಂಗ್ ಮಾತಾಡ್ತೀರಿ? ಥೇಟ್ ನಮ್ ಷಡ್ಡಕನಂಗೆ. ಅವ್ನೂ ಇಂಗೇಯ, ಒಂದಕ್ಸರ ಬಿಡಿಸಿ ಆಡಕಿಲ್ಲ.’

ಹೆಂಡತಿಯ ತಂಗಿಯ ಗಂಡನ ತಲೆಗೆ ತನ್ನ ದನಿಯನ್ನು ಕಟ್ಟಿ ಬೆಟ್ಟಯ್ಯ ಹಗುರಾದ. ಆಮೇಲೆ ತಾನು ಹೇಗೆ ಕೇಳಿಸಿಕೊಂಡೆ ಎಂಬುದನ್ನು ವಿವರಿಸಿದ. ಫೋನಿನಲ್ಲಿ ಅದು ಅಲಗೆಯೋ, ಒಲೆಗೆ ಎಂಬರ್ಥದ ಒಲಗೆಯೋ ಎಂದು ಅವನಿಗೂ ಅನುಮಾನ ಬಂದಿತ್ತು.

‘ಅಲಗೆ ಅನ್ನೋರು ನಾವು ಸಾ. ನೀವು ಓದಿದೋರು, ಅಲಗೆ ಬೇಕಿದ್ರೆ ಅಲಗೆ ಅಂತ ನೆಟ್ಟಗೆ ಅಂತೀರಿ, ಅಕಾರ ಬಿಡಕಿಲ್ಲ. ಅದ್ಕೇಯ ಇದು ಒಲಗೇ ಇರ್ಬೇಕು ಅಂದ್ಕಂಡೆ. ಅದ್ರ ಮ್ಯಾಲೆ ತೂಗಕ್ಕೆ ಅಂದ್ರಿ. ಸೌದೆ ಅಲ್ದೆ ಇನ್ಯಾವ್ದ ಸಾ ತೂಗಾದು?’

ಹಲಗೆಗೂ ಅಲಗೆಗೂ ಇರುವ ಭೇದವನ್ನು ಬೆಟ್ಟಯ್ಯ ಎರಡನ್ನೂ ಅಲಗೆ ಎಂದೇ ಹೇಳಿ ತೋರಿಸಿದ. ಆದರೂ ಅಲ್ಲಿದ್ದವರಿಗೆಲ್ಲ ಅರ್ಥವಾಯಿತು. ಪ್ರಸಾದನಿಗೆ ಎಲ್ಲರಿಗಿಂತ ಚೆನ್ನಾಗಿ ಅರ್ಥವಾಯಿತು. ಸ್ವಂತ ಬಾಯಲ್ಲಿ ಹೇಳಿದ್ದರೆ ಹಲಗೆ ಹಲಗೆಯಾಗಿಯೇ ಹೋಗುತ್ತಿತ್ತು. ಬಾಡಿಗೆ ಬಾಯಲ್ಲಿ ಹೋಗಿ ಒಲೆ ಸೇರಿತ್ತು.

ಟೇಪು ಹಿಡಿದು ನೋಡಿದರೆ ಉಳಿದ ದಿಮ್ಮಿ ನಾಲ್ಕಡಿ ದಾಟಲಿಲ್ಲ. ರುದ್ರಾಣಿ ಒಳಗೆ ಹೋಗಿ ನಡುಮನೆಯಲ್ಲಿ ನಿಂತು ಒಮ್ಮೆ ತೊಲೆ ನೋಡಿದಳು. ಆಮೇಲೆ ಬಾಳೆಗೊನೆಯಿಂದ ಒಂದು ಹಣ್ಣು ಕಿತ್ತು, ತಿನ್ನಲು ಮನಸ್ಸು ಬಾರದೆ ಅಲ್ಲೇ ಇಟ್ಟಳು.

ಅವಳು ಬೈದಿದ್ದರೆ ಪ್ರಸಾದನಿಗೆ ಸಲೀಸಾಗಿರುತ್ತಿತ್ತು. ಬೈಗುಳದಲ್ಲಿ ಯಾವುದಾದರೂ ಪದ ಹಿಡಿದು ತಿರುಚಿ ನಗಿಸಬಹುದಿತ್ತು. ಅವಳು ಊಟಕ್ಕೆ ಬನ್ನಿ ಎಂದಳು, ಸಾರು ಬೇಕೇ ಎಂದಳು, ಅಷ್ಟೆ. ಪ್ರಸಾದ್ ಕೂಡ ಮಾತು ಬಿಟ್ಟ. ಅನುಕರಣೆಯಂತೂ ನಿಂತೇ ಹೋಯಿತು. ತಾಂಡ್ಯದ ಕ್ಯಾಂಟೀನಿನವನು ‘ಸಾರ್, ಗಂಟ್ಲು ನೋವಾ?’ ಎಂದು ಬಿಸಿನೀರು ತಂದುಕೊಟ್ಟನಂತೆ.

ಭಾನುವಾರ ಬೆಟ್ಟಯ್ಯ ದಿಮ್ಮಿಯನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಹೋದ. ಹಿಂದೆಯೇ ಗಂಡಹೆಂಡಿರು ಸ್ಕೂಟರಿನಲ್ಲಿ ನರಸೀಪುರದ ದಾರಿ ಹಿಡಿದರು. ತಾನೂ ಬರುತ್ತೇನೆ, ಏನು ಹೇಳಬೇಕೋ ತಾನೇ ಹೇಳುತ್ತೇನೆ ಎಂದಿದ್ದಳು ರುದ್ರಾಣಿ. ಪ್ರಸಾದ್ ದಾರಿಯುದ್ದಕ್ಕೂ ಹಾರನ್ ಬಿಟ್ಟರೆ ಬೇರೆ ಸದ್ದು ಮಾಡಲಿಲ್ಲ.

ಮಿಲ್ಲಿನಲ್ಲಿ ದಿಮ್ಮಿಯನ್ನು ಗಾಡಿಯ ಮೇಲೆ ಕೂರಿಸಿ ಗರಗಸದ ಪಟ್ಟಿಗೆ ಕೊಟ್ಟರು. ಹಲಸಿನ ಅಂಟು ಹಲ್ಲಿಗೆ ಮೆತ್ತಿಕೊಂಡು ಗರಗಸ ಮುಲುಗಿದಾಗಲೆಲ್ಲ ಆಳು ಬಟ್ಟೆಯಲ್ಲಿ ಸೀಮೆಎಣ್ಣೆ ಅದ್ದಿ ಒರೆಸುತ್ತಿದ್ದ. ಮೊದಲು ಹೊರಗಿನ ಬಿಳಿಯ ಭಾಗ ಕಳಚಿಬಿತ್ತು. ಅದಕ್ಕೆ ಹುಳು ಬೀಳುತ್ತದೆ, ಅದು ಬೇಡ. ಒಳಗಿಂದ ಹಳದಿ ಹಲಗೆಗಳು ಒಂದೊಂದಾಗಿ ಬಂದವು. ಹಣ್ಣಿನ ತೊಳೆಗೂ ಮರದ ತೊಲೆಗೂ ಒಂದೇ ಬಣ್ಣ ಎಂದು ಪ್ರಸಾದನಿಗೆ ಹೇಳಬೇಕೆನಿಸಿತು. ಹೇಳಲಿಲ್ಲ, ನುಂಗಿಕೊಂಡ. ಅವನು ನುಂಗಿದ್ದು ರುದ್ರಾಣಿಗೆ ಕಾಣಿಸಿತು.

ಬೆಟ್ಟಯ್ಯನೂ ಮೂರು ದಿನದಿಂದ ಯೋಚಿಸಿದ್ದ. ಎರಡು ಹಲಗೆಗಳನ್ನು ತುದಿಗೆ ತುದಿ ಸೇರಿಸಿ, ಅಡಿಯಲ್ಲಿ ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟು ಹಾಕಿದರೆ ಏಳಡಿ ಆಗುತ್ತದೆ. ಮೇಲೆ ಗೆರೆ ಕಾಣದ ಹಾಗೆ ಕೂಡಿಸುವ ಬಡಗಿ ಚಲುವಯ್ಯ ಇಲ್ಲೇ ಇದ್ದಾನೆ, ಆ ಖರ್ಚು ತನ್ನದು. ರುದ್ರಾಣಿ ಅಗಲವಾದ ಹಲಗೆಯೊಂದನ್ನು ಎರಡು ದಿಮ್ಮಿಗಳ ಮೇಲೆ ಅಡ್ಡ ಹಾಸಿ ಕೈಯಾಡಿಸುತ್ತ ನಿಂತಳು.

ಆಗ ಪ್ರಸಾದ್, ಎಷ್ಟು ಕಡಿಮೆ ಬೀಳುತ್ತದೆ ನೋಡೋಣ ಎಂದುಕೊಂಡೋ ಏನೋ, ಗಂಡಸರೆಲ್ಲ ಹಲಗೆ ಕಂಡರೆ ಮಾಡುವುದನ್ನೇ ಮಾಡಿದ. ಹೋಗಿ ಅದರ ಮೇಲೆ ಮಲಗಿದ. ತಲೆ ಇತ್ತ ಜೋತುಬಿತ್ತು, ಮಂಡಿಯಿಂದ ಕೆಳಗೆ ಕಾಲು ಅತ್ತ. ಮೇಲೆ ಸರಿದ, ಕೆಳಗೆ ಸರಿದ. ಮಗ್ಗುಲಾಗಿ ಮಂಡಿ ಮಡಿಸಿದಾಗ ಹಿಂಬದಿ ಹೊರಗೆ ಬಂತು. ಕೊನೆಗೆ ಎದ್ದು ಕೂತ.

‘ಇದರಲ್ಲಿ ಮಲಗೋಕೂ ಆಗಲ್ಲ, ಒರಗೋಕೂ ಆಗಲ್ಲ ಕಣೆ. ಕೂರಬೇಕಷ್ಟೆ’ ಎಂದ, ಇನ್ನಷ್ಟು ನೊಂದು.

ರುದ್ರಾಣಿ ಅವನನ್ನೇ ನೋಡಿದಳು. ‘ಇನ್ನೊಂದ್ಸಲ ಮಲಗಿ.’

‘ಆಗಲ್ಲ ಅಂದ್ನಲ್ಲ.’

‘ಮಲಗಿ ನೋಡೋಣ.’

ಅವನು ಮಲಗಿದ. ಮತ್ತೆ ಆಗಲಿಲ್ಲ. ರುದ್ರಾಣಿ ಮನಸ್ಸಿನಲ್ಲೇ ಅವನನ್ನು ಎಬ್ಬಿಸಿ ಆ ಹಲಗೆಯ ಮೇಲೆ ತನ್ನ ಅಪ್ಪನನ್ನು ಮಲಗಿಸಿದಳು. ಹಿಡಿಸಲಿಲ್ಲ. ಚಿಕ್ಕಪ್ಪನನ್ನು ಮಲಗಿಸಿದಳು. ಟವೆಲಿನ ಸಮೇತ ದೊಡ್ಡಪ್ಪನನ್ನು, ಹಿತ್ತಾಳೆ ಸರಪಳಿಯ ಭಾವನವರನ್ನು, ತಾನು ನೋಡಿಯೇ ಇರದ ಮಂಚಮ್ಮನ ಮಾವನನ್ನೂ ಸಾಲಾಗಿ ಮಲಗಿಸಿದಳು. ಒಬ್ಬೊಬ್ಬರೂ ಎರಡೂ ಕಡೆ ಜೋತುಬಿದ್ದು, ಸೊಂಟ ಹಿಡಿದುಕೊಂಡು ಇಳಿದು ಹೋದರು. ಕೊನೆಯವನೂ ಇಳಿದ ಮೇಲೆ ಹಲಗೆ ಖಾಲಿಯಾಗಿ, ಹಳದಿಯಾಗಿ, ಅವಳ ಮುಂದೆ ಉಳಿಯಿತು. ಅವಳು ಅದರ ಮೇಲೆ ಕೂತು ನೋಡಿದಳು. ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು.

‘ಜೋಡಿಸೋದು ಬೇಡ ಬೆಟ್ಟಣ್ಣ.’

‘ಗಿಡ್ಡ ಆಯ್ತದೆ ಕಣ್ರವ್ವ.’

‘ಗಿಡ್ಡವೇ ಇರಲಿ’ ಎಂದು ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗು ನಿಲ್ಲಲಿಲ್ಲ. ಯಾಕೆಂದು ತಿಳಿಯದಿದ್ದರೂ ಪ್ರಸಾದನಿಗೆ ಹೋದ ಜೀವ ಬಂತು. ನುಂಗಿಕೊಂಡಿದ್ದ ತೊಳೆ-ತೊಲೆಯ ಮಾತನ್ನು ಅಲ್ಲೇ ಕಕ್ಕಿದ. ಸಾಧಾರಣ ಮಾತು. ರುದ್ರಾಣಿ ಅದಕ್ಕೂ ನಕ್ಕಳು.

ಹಸಿ ಹಲಗೆಗೆ ಆತುರ ಪಟ್ಟರೆ ಬಿರುಕು ಬಿಡುತ್ತದೆ. ಗೇಟಿಗೆ ಬಳಿದು ಉಳಿದಿದ್ದ ಬಣ್ಣವನ್ನು ಎರಡೂ ತುದಿಗೆ ಮೆತ್ತಿ, ಹಿತ್ತಿಲ ಕೊಟ್ಟಿಗೆಯ ನೆರಳಿನಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಇಟ್ಟು, ನಡುನಡುವೆ ಗಾಳಿಯಾಡಲು ತೆಳುವಾದ ಪಟ್ಟಿ ಕೊಟ್ಟು, ಮೇಲೆ ಕಲ್ಲು ಹೇರಿದರು. ಅತ್ತ ಒಡೆದ ಸೌದೆ ಮಳೆಗಾಲ ಚಳಿಗಾಲ ಎರಡನ್ನೂ ಬಚ್ಚಲ ಹಂಡೆಯ ಕೆಳಗೆ ಕಳೆಯಿತು. ಒಂದೇ ಮರ ಅತ್ತ ಉರಿಯುತ್ತ ಇತ್ತ ಒಣಗುತ್ತ ವರ್ಷ ಮುಗಿಸಿತು. ಮರುವರ್ಷ ಮಂಚಮ್ಮ ಹಲಸಿನ ಹಣ್ಣನ್ನು ದುಡ್ಡು ಕೊಟ್ಟು ತರಬೇಕಾಯಿತಲ್ಲ ಎಂದು ಗೊಣಗುವ ಹೊತ್ತಿಗೆ, ಚಲುವಯ್ಯ ಬಂದು ಹಲಗೆಗೆ ಉಜ್ಜುಗೊರಡು ಹೊಡೆದು, ಅಂಚು ಉರುಟು ಮಾಡಿ, ಎಣ್ಣೆ ಉಜ್ಜಿಕೊಟ್ಟ. ತೊಲೆಯ ಬಳೆಗಳು ಉದ್ದದ ಉಯ್ಯಾಲೆಗೆ ಇದ್ದವು. ಹೊಸ ಸರಪಳಿಗಳು ಅಲ್ಲಿಂದ ಓರೆಯಾಗಿ ಇಳಿದು, ಇಡೀ ಉಯ್ಯಾಲೆ ನಿಲ್ಲಿಸಿದ ಮೊರದ ಆಕಾರಕ್ಕೆ ಬಂತು.

ಅದನ್ನು ಕಟ್ಟಿದ ವಾರದಲ್ಲೇ ಭಾವನವರು ಊಟಕ್ಕೆ ಬಂದರು. ಉಂಡು ಕೈತೊಳೆದು, ನಡುಮನೆಗೆ ಬಂದು, ಹೆಗಲ ಟವೆಲನ್ನು ಮಡಿಸಿ ದಿಂಬಿನ ಜಾಗಕ್ಕೆ ಇಟ್ಟರು. ಒರಗಿದರು. ಎದ್ದರು. ಟವೆಲನ್ನು ಆ ತುದಿಯಿಂದ ಈ ತುದಿಗೆ ಬದಲಾಯಿಸಿ ಇನ್ನೊಮ್ಮೆ ಪ್ರಯತ್ನಿಸಿದರು.

‘ಇದ್ಯಾಕಮ್ಮ ಇಷ್ಟು ಗಿಡ್ಡ ಮಾಡಿಸಿದ್ದೀ?’

‘ಮರ ಉಳಿದದ್ದೇ ಅಷ್ಟು ಭಾವ’ ಎಂದಳು ರುದ್ರಾಣಿ. ಅದು ನಿಜವೂ ಆಗಿತ್ತು. ಅವರು ಟವೆಲು ಹೆಗಲಿಗೆ ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿಗೆ ಹೋದರು.

ಅವರು ಹೊರಟ ಮೇಲೆ ರುದ್ರಾಣಿ ಉಯ್ಯಾಲೆಯಲ್ಲಿ ಕೂತು ನೆಲಕ್ಕೆ ಕಾಲು ಒತ್ತಿದಳು. ಸರಪಳಿ ಕಿರ್ರೆಂದಿತು. ಇಳಿ ಎನ್ನುವವರು ಯಾರೂ ಇರಲಿಲ್ಲ. ಖಾಲಿ ಜಾಗವನ್ನು ನೋಡುತ್ತ ಪ್ರಸಾದ್ ನಿಂತಿದ್ದ.

‘ನಾನೂ ಕೂರಬಹುದಾ?’

‘ಕೂರಿ. ಆದ್ರೆ ಇಲ್ಲಿ ಕೂತೋರು ಮಾತನ್ನ ತೂಗಿ ಆಡಬೇಕು.’

ಅವನು ಕೂತ. ಉಯ್ಯಾಲೆ ಮುಂದೆ ಹೋದಾಗ ಒಂದು ಮಾತು, ಹಿಂದೆ ಬಂದಾಗ ಒಂದು ಮಾತು ಆಡಿದ. ‘ಹ-ಲ-ಗೆ’ ಎಂದು ಹಕಾರವನ್ನು ಹೊಟ್ಟೆಯಿಂದ ಎತ್ತಿ ಹೇಳಿದ. ಬೆಟ್ಟಯ್ಯನ ಷಡ್ಡಕನ ದನಿಯಲ್ಲಿ ಇನ್ನೊಮ್ಮೆ ಹೇಳಿದ, ಈ ಸಲ ಹಕಾರವಿಲ್ಲದೆ. ಹಾಗೆಯೇ ನಾಲ್ಕಾರು ಸಲ ತೂಗಿರಬೇಕು, ಅಡುಗೆಮನೆಯಿಂದ ಹಾಲು ಉಕ್ಕುವ ಸುಳಿವು ಬಂತು.

‘ಹಾಲಿಟ್ಟಿದ್ದೆ’ ಎಂದಳು ರುದ್ರಾಣಿ, ಕದಲದೆ. ‘ನೋಡಿ ಹೋಗಿ.’

‘ಎಲ್ಲಿಗೆ, ಹಲಗೆಗಾ?’

‘ಒಲೆಗೆ.’

ಪ್ರಸಾದ್ ಎದ್ದು ಓಡಿದ. ಅವನ ಭಾರ ಇಳಿದ ಉಯ್ಯಾಲೆ ಒಂದಿಷ್ಟು ಹೆಚ್ಚೇ ಮುಂದಕ್ಕೆ ಹೋಯಿತು. ರುದ್ರಾಣಿ ಹಲಗೆಯ ನಡುವಿಗೆ ಸರಿದು ಕೂತಳು.